ಪಟ್ಟದ ಗೊಂಬೆಗಳು

ವಿಜಯದಶಮಿ ಮುಗಿದು ಮೂರು ದಿನ ಆಯಿತು, ಗೊಂಬೆ ಇನ್ನೂ ಎತ್ತಿಟ್ಟಿಲ್ಲ. ಎತ್ತಿಡೋಣ ಅಂತಲೇ ನಿನ್ನೆ ಶನಿವಾರ ಮಧ್ಯಾಹ್ನ ಹಳೇ ಪೇಪರ್ ಹರಡಿಕೊಂಡು ಕೂತೆ. ಆದರೆ ಟಿವಿಯಲ್ಲಿ ಪೆನ್ ಸ್ಟೇಟ್ ಆಟ, ಲ್ಯಾಪ್‌ಟಾಪಿನಲ್ಲಿ ಟೆಕ್ಸಸ್ ಆಟ. ರಾಜ ರಾಣಿ ಇಬ್ಬರೂ ನನ್ನ ಮಡಿಲಲ್ಲೇ ಉಳಿದರು.

ಅಮೆರಿಕದ ಕಾಲೇಜು ಫುಟ್‌ಬಾಲ್ ಹುಚ್ಚು ಇನ್ನೂ ಬಿಟ್ಟಿಲ್ವಾ ಅಂತ ಕೇಳಬೇಡಿ. ಬಿಟ್ಟಿಲ್ಲ.

ಈ ವರ್ಷ, ಅಂದರೆ 2025ರ ಆಗಸ್ಟಿನಲ್ಲಿ ಏಪಿಯವರ (ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ) ಟಾಪ್ 25 ತಂಡಗಳ ಪಟ್ಟಿ ಬಂದಾಗ ಟೆಕ್ಸಸ್ ಒಂದನೇ ಸ್ಥಾನ, ಪೆನ್ ಸ್ಟೇಟ್ ಎರಡನೇದು. ಆಗ ಇಬ್ಬರೂ ಒಂದು ಆಟವನ್ನೂ ಆಡಿರಲಿಲ್ಲ. ನಿನ್ನೆ ಪೆನ್ ಸ್ಟೇಟ್ ಸೋತಿದ್ದು ಯಾರ ಹತ್ತಿರ? ಈ ವರ್ಷ ಆಡಿದ ನಾಲ್ಕಕ್ಕೆ ನಾಲ್ಕೂ ಸೋತು, ಕೋಚನ್ನೂ ಮನೆಗೆ ಕಳಿಸಿದ್ದ ಯುಸಿಎಲ್ಎ ಹತ್ತಿರ! ಅರ್ಧ ಆಟಕ್ಕೇ 27-7, ಕೊನೆಗೆ 42-37. ಅತ್ತ ಟೆಕ್ಸಸ್ಸಿಗೆ ಫ್ಲಾರಿಡಾದವರು ಬಡಿದರು, 29-21. ಇವತ್ತಿನ ಪಟ್ಟಿಯ 25ರಲ್ಲಿ ಇಬ್ಬರೂ ಇಲ್ಲ.

ನಮ್ಮನೆಯ ಪಟ್ಟದ ಗೊಂಬೆಗಳನ್ನು ನೋಡಿದ್ದೀರಲ್ಲ. ರಾಣಿಯ ಮೂಗು ಚಕ್ಕೆ ಎದ್ದಿದೆ, ನಾನೇ ನೇಲ್ ಪಾಲಿಷ್ ಬಳಿದು ಮುಚ್ಚಿದ್ದೇನೆ. ಆದರೂ ಪ್ರತಿ ವರ್ಷ ಮೇಲಿನ ಮೆಟ್ಟಿಲು ಅವರದೇ. ಅಜ್ಜಿ ಕಾಲದಿಂದ ಅಲ್ಲೇ ಕೂತಿದ್ದಾರೆ, ಅದಕ್ಕೇ ಅಲ್ಲೇ ಕೂರುತ್ತಾರೆ. ಮನೆಯ ಗೊಂಬೆಗೆ ಅದು ಸರಿ. ಆದರೆ 136 ತಂಡಗಳಿರುವ ಆಟಕ್ಕೂ ಇದೇ ಲೆಕ್ಕವಾ?

ಸುಮಾರು ಅರವತ್ತು ಜನ ಪತ್ರಕರ್ತರು ವೋಟು ಹಾಕುತ್ತಾರೆ. ಮೊದಲ ಸ್ಥಾನಕ್ಕೆ 25 ಅಂಕ, ಎರಡನೇದಕ್ಕೆ 24, ಹೀಗೆ ಇಳಿಯುತ್ತಾ ಕೊನೆಯವರಿಗೆ 1. ಒಂದೊಂದು ತಂಡ ಆಡುವುದು ಹನ್ನೆರಡೇ ಆಟ, ಎಲ್ಲರೂ ಎಲ್ಲರ ಮೇಲೆ ಆಡೋಕಾಗಲ್ಲ. ಹಾಗಾಗಿ ಪಟ್ಟಿ ಬೇಕು, ಒಪ್ಪಿದೆ. ಆದರೆ 1950ರಿಂದ ಆಟ ಶುರುವಾಗುವ ಮುಂಚೆಯೇ ಒಂದು ಪಟ್ಟಿ ಮಾಡುತ್ತಾ ಬಂದಿದ್ದಾರಲ್ಲ, ನನ್ನ ತಕರಾರು ಅದರ ಮೇಲೆ. ಕೂಸು ಹುಟ್ಟೋ ಮುಂಚೆ ಕುಲಾವಿ.

ಕುಲಾವಿ ಹೊಲಿದು ಸುಮ್ನಿದ್ದರೂ ಆಗಿತ್ತು. ಆಮೇಲೆ ಅದೇ ಅಳತೆಗೆ ಕೂಸನ್ನು ಎಳೆದಾಡುತ್ತಾರೆ. ಪೆನ್ ಸ್ಟೇಟ್ ಮೊದಲ ಮೂರು ವಾರ ಗೆದ್ದಿದ್ದು ನೆವಾಡಾ, ಫ್ಲಾರಿಡಾ ಇಂಟರ್‌ನ್ಯಾಷನಲ್, ಕೆಳಗಿನ ದರ್ಜೆಯ ವಿಲನೋವಾ ಮೇಲೆ. ಅಷ್ಟಕ್ಕೇ ಸುಮಾರು ಒಂದು ತಿಂಗಳು ಮೇಲಿನ ಮೆಟ್ಟಿಲಲ್ಲಿ ಕೂತಿದ್ದರು. ಆಮೇಲೆ ಆರೆಗನ್ ಬಂದು "ಮೂರನೇ ಸ್ಥಾನದ ಪೆನ್ ಸ್ಟೇಟ್"ನ ಸೋಲಿಸಿ ಎರಡನೇ ಸ್ಥಾನಕ್ಕೆ ಹಾರಿತು. ಒಹಾಯೊ ಸ್ಟೇಟ್ "ಒಂದನೇ ಸ್ಥಾನದ ಟೆಕ್ಸಸ್"ನ ಸೋಲಿಸಿ ತಾನೇ ಒಂದನೇದಾಯಿತು. ಖೋಟಾ ನೋಟು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿದ ಹಾಗೆ. ಒಹಾಯೊ ಸ್ಟೇಟ್ ನಿಜವಾಗಿ ಒಳ್ಳೆ ತಂಡ, ಅದು ಬೇರೆ ಮಾತು. (ಮಿಷಿಗನ್‌ನಲ್ಲಿ ಓದಿದವಳಾಗಿ ಈ ವಾಕ್ಯ ಟೈಪ್ ಮಾಡೋಕೆ ಎಷ್ಟು ಸಂಕಟ ಆಯಿತು ಗೊತ್ತಾ.)

ನಮ್ಮ ಯಜಮಾನರ ವಾದ ಏನಪ್ಪ ಅಂದರೆ, "ಆ ಪಟ್ಟಿಯಿಂದ ಈಗ ಏನಾಗುತ್ತೆ? ಪ್ಲೇಆಫ್‌ನ, ಅಂದರೆ ಕೊನೆಗೆ ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ಪಂದ್ಯಗಳ, ಹನ್ನೆರಡು ತಂಡ ಆರಿಸೋದು ಕಮಿಟಿಯವರು, ಅವರು ನವೆಂಬರ್‌ವರೆಗೆ ಬಾಯಿನೇ ಬಿಡಲ್ಲ." ನವೆಂಬರ್‌ವರೆಗೆ ಸುಮ್ನಿರುವುದು ಸರಿಯೇ, ಅಷ್ಟು ಮಾತ್ರ ಸರಿ. ಕಮಿಟಿಯವರೇನು ಪೇಪರ್ ಓದದೇ ಗುಹೆಯಲ್ಲಿ ಇರುತ್ತಾರಾ? 2023ರಲ್ಲಿ ಫ್ಲಾರಿಡಾ ಸ್ಟೇಟ್ 13ಕ್ಕೆ 13 ಗೆದ್ದಿತ್ತು. ಆಗ ಪ್ಲೇಆಫ್‌ಗೆ ನಾಲ್ಕೇ ತಂಡ. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕಾಲು ಮುರಿದಿದೆ, ಇನ್ನು ಮುಂದೆ ಗೆಲ್ಲಲಾರರು ಅಂತ ಕಮಿಟಿಯವರು ಊಹೆ ಮಾಡಿ ಅವರನ್ನು ಹೊರಗಿಟ್ಟು, ಒಂದು ಸೋತಿದ್ದ ಅಲಬಾಮಾನ ಒಳಗೆ ಕರೆದರು. ಮುಂದಿನ ಆಗಸ್ಟಿನಲ್ಲಿ ಅದೇ ಫ್ಲಾರಿಡಾ ಸ್ಟೇಟಿಗೆ ಏಪಿ ಪಟ್ಟಿಯಲ್ಲಿ ಹತ್ತನೇ ಸ್ಥಾನ ಸಿಕ್ಕಿತು. ಆ ವರ್ಷ ಅವರು ಗೆದ್ದಿದ್ದು ಎರಡು, ಸೋತಿದ್ದು ಹತ್ತು. ಎಲ್ಲ ಗೆದ್ದಾಗ ಬೆಲೆ ಇಲ್ಲ, ಏನೂ ಆಡದಿದ್ದಾಗ ಹತ್ತನೇ ಸ್ಥಾನ. ನಮ್ಮ ಯಜಮಾನರು ಇದಕ್ಕೆ ಉತ್ತರ ಕೊಡದೆ ಚುರುಮುರಿ ಕಲಸೋಕೆ ಎದ್ದು ಹೋದರು.

ನನ್ನನ್ನು ಕೇಳಿದರೆ ಅಕ್ಟೋಬರ್ ಮೊದಲ ವಾರದ ತನಕ ಪಟ್ಟಿಯೇ ಬೇಡ. ಆಮೇಲೂ ಪ್ರತಿ ಭಾನುವಾರ ಖಾಲಿ ಹಾಳೆ ತಗೊಂಡು ಕೂರಲಿ. ಯಾರು ಯಾರನ್ನು ಸೋಲಿಸಿದರು, ಎಲ್ಲಿ, ಅಷ್ಟೇ ನೋಡಲಿ. ಹೋದ ವಾರ ಯಾರು ಎಲ್ಲಿದ್ದರು ಅನ್ನುವುದನ್ನು ಪಕ್ಕದಲ್ಲಿ ಇಟ್ಟುಕೊಳ್ಳಲೇಬಾರದು.

ಇಷ್ಟು ಸಿಟ್ಟು ಯಾಕೆ ಅಂದರೆ, ಆ ನಂಬರನ್ನು ಒಂದು ಸಲ ನಾನೂ ನಂಬಿದ್ದೆ. 2007ರ ಸೆಪ್ಟೆಂಬರ್ 1, ಮಿಷಿಗನ್ ತಂಡದ ಊರು ಆನ್ ಆರ್ಬರ್. ಮಿಷಿಗನ್‌ಗೆ ಐದನೇ ಸ್ಥಾನ. ಎದುರಿಗೆ ಅಪಲಾಚಿಯನ್ ಸ್ಟೇಟ್, ಹೆಸರು ಹೇಳೋಕೂ ನನಗೆ ಬರುತ್ತಿರಲಿಲ್ಲ. ಕೊನೇ ಕ್ಷಣದಲ್ಲಿ ನಮ್ಮವರು ಒದ್ದ ಚೆಂಡನ್ನು ಅವರು ಕೈಯಿಂದ ತಡೆದರು. 34-32. ಲಕ್ಷಕ್ಕೂ ಜಾಸ್ತಿ ಜನ ಇದ್ದರು, ನನ್ನ ಮುಂದೆ ಕೂತಿದ್ದ ಅಜ್ಜ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತರು. ಮುಂದಿನ ಪಟ್ಟಿಯಲ್ಲಿ ನಾವು ಇಪ್ಪತ್ತೈದರೊಳಗೇ ಇರಲಿಲ್ಲ. ಹಾಗಾದರೆ ಆ ಐದು ಅನ್ನುವುದು ಎಲ್ಲಿಂದ ಬಂದಿತ್ತು?

ಗೊಂಬೆ ಎತ್ತಿಟ್ಟಾಯಿತು ಈಗ. ಇವತ್ತು ಮಧ್ಯಾಹ್ನ ಎರಡಕ್ಕೆ ಹೊಸ ಪಟ್ಟಿ ಬರುವ ಹೊತ್ತಿಗೆ ಎಲ್ಲ ಕೆಲಸ ಬಿಟ್ಟು ಫೋನ್ ಹಿಡಿದು ಕೂತಿದ್ದೆ. ಮಿಷಿಗನ್ 15. ಸ್ಕ್ರೀನ್‌ಶಾಟ್ ತೆಗೆದು ಮನೆಯ ಗ್ರೂಪಿಗೆ ಹಾಕಿದ್ದೇನೆ, ಬೈಬೇಡಿ.