ಕಾಲಿನ ಉರಿಗೆ ಲೇಸರ್ ಹಾಕಿಸ್ಕೊಂಡೆ, ಕೇಳ್ತಾ ಇರೋರಿಗೆಲ್ಲ ಇಲ್ಲೇ ಹೇಳ್ತೀನಿ

ಟೀಚರ್ರೇ ಮೈಸೂರಿಗೆ ಹೋಗಿ ಕಾಲಿಗೆ ಲೇಸರ್ ಹಾಕಿಸ್ಕೊಂಡ್ರಂತೆ ಹೌದಾ, ಗುಣ ಆಯ್ತಾ, ನಾವೂ ಹೋಗ್ಬಹುದಾ ಅಂತ ಏನಿಲ್ಲ ಅಂದ್ರೂ ಹತ್ತು ಜನ ಕೇಳಿದಾರೆ. ನಮ್ಮ ಕೊಡಗಿನ ಸುಂಟಿಕೊಪ್ಪ ಸಂತೇಲಿ ಕೇಳಿದೋರಿಗೆ ಎರಡು ಮಾತಲ್ಲಿ ಏನೋ ಹೇಳಿ ಬಂದಿದ್ದೆ. ಆದ್ರೆ ನನ್ನ ಹಳೇ ಶಿಷ್ಯನೊಬ್ಬ ಅವನ ತಾಯಿಗೆ ಮಾಡ್ಸೋಕೆ ಅಂತ ಕರಿಮೆಣಸು ಮಾರಿದ ದುಡ್ಡು ಎತ್ತಿಟ್ಟಿದಾನೆ ಅಂತ ಗೊತ್ತಾದ್ಮೇಲೆ ಅರ್ಧಂಬರ್ಧ ಹೇಳಿ ಬಿಡೋದು ಸರಿಯಲ್ಲ ಅನ್ನಿಸ್ತು. ಉದ್ದ ಆಗುತ್ತೆ, ಶುಗರ್ ಇರೋರು, ಮನೇಲಿ ಶುಗರ್ ಇರೋರು ದಯವಿಟ್ಟು ಪೂರ್ತಿ ಓದಿ.

ನಂಗೆ ಶುಗರ್ ಬಂದು 11 ವರ್ಷ ಆಯ್ತು. ಕಾಲಿನ ಉರಿ ಶುರುವಾಗಿದ್ದು ಹೋದ ವರ್ಷದ ಮಳೇಲಿ. ಆಟಿ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಿದ್ವಿ, ವರ್ಷಕ್ಕೊಂದ್ಸಲ ಅಲ್ವಾ ಅಂತ ಎರಡು ಬಟ್ಟಲು ತಿಂದು ಮಲಗಿದ್ದೆ, ಆ ರಾತ್ರಿ ಎರಡೂ ಪಾದ ಕೆಂಡದ ಮೇಲಿಟ್ಟ ಹಾಗೆ. ಹೊರಗೆ ಜಡಿಮಳೆ, ಮನೆಯೋರೆಲ್ಲ ಎರಡೆರಡು ಕಂಬಳಿ ಹೊದ್ದು ಮಲಗಿದಾರೆ, ನಾನು ಮಾತ್ರ ಎದ್ದು ಹೋಗಿ ಬಚ್ಚಲುಮನೆಯ ತಣ್ಣಗಿನ ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದೆ. ಪಾಯಸದಿಂದ ಬಂತು ಅಂತ ಹೇಳ್ತಿಲ್ಲ, ವರ್ಷಗಟ್ಟಲೆ ಒಳಗೊಳಗೇ ಆಗ್ತಾ ಬಂದಿದ್ದು ನಂಗೆ ಗೊತ್ತಾಗಿದ್ದು ಆವತ್ತು ಅಷ್ಟೆ. ಆಮೇಲೆ ಅದೇ ದಿನಚರಿ ಆಗೋಯ್ತು, ಹಗಲೆಲ್ಲ ಜೋಮು, ಹತ್ತಿ ಮೇಲೆ ನಡೆದ ಹಾಗೆ, ರಾತ್ರಿ ಆದ್ರೆ ಉರಿ, ಸೂಜಿ ಚುಚ್ಚೋದು, ಬೆಡ್‌ಶೀಟ್ ತಾಗಿದ್ರೂ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ಸೊಂಟದಿಂದ ಕಾಲ್ಬೆರಳ ತನಕ ಹೋಗೋ ನರ ಹೆಚ್ಚುಕಮ್ಮಿ ಒಂದು ಮೀಟರ್ ಉದ್ದ, ಮೈಯಲ್ಲಿ ಅಷ್ಟು ಉದ್ದದ ನರ ಬೇರೆ ಇಲ್ಲ, ಅದಕ್ಕೇ ಸಕ್ಕರೆ ಕಾಯಿಲೆಯಲ್ಲಿ ಮೊದಲು ಕೆಡೋದು ಬೆರಳ ತುದಿ, ಆಮೇಲೆ ಕಾಲುಚೀಲ ಎಳ್ಕೊಂಡ ಹಾಗೆ ಮೇಲೆ ಮೇಲೆ ಬರುತ್ತೆ.

ಅಕ್ಟೋಬರಲ್ಲಿ ಡಾಕ್ಟ್ರು ರಾತ್ರಿಗೆ ಪ್ರಿಗ್ಯಾಬಲಿನ್ 75 ಅಂತ ನರದ ನೋವಿನ ಮಾತ್ರೆ ಬರೆದ್ರು. ಅದೇ ಟೈಮಲ್ಲಿ ಮೈಸೂರಲ್ಲಿರೋ ನಮ್ಮಕ್ಕ ಫೋನ್ ಮಾಡಿ, ನೋಡೇ, ಇಲ್ಲೊಂದು ಕಡೆ ನರಕ್ಕೆ ಲೇಸರ್ ಕೊಡ್ತಾರೆ, ನಮ್ಮ ರೋಡಿನವರೊಬ್ರಿಗೆ ವಾಸಿ ಆಗಿದೆ, ಬಂದು ನಮ್ಮನೇಲೇ ಇದ್ಕೊಂಡು ಮಾಡ್ಸ್ಕೊ ಅಂದ್ಲು. ನಾವು ಇಲ್ಲಿಂದ ಏನಾದ್ರೂ ದೊಡ್ಡದು ಅಂದ್ರೆ ಮೈಸೂರು ಇಲ್ಲ ಮಂಗ್ಳೂರು ತಾನೇ. ಕಾಫಿ ಕುಯ್ಲು ಶುರುವಾಗೋ ಮುಂಚೆ ಮುಗಿಸ್ಕೊಂಡು ಬರ್ತೀನಿ ಅಂತ ನಮ್ಮೆಜಮಾನ್ರಿಗೆ ಹೇಳಿ ಹೊರಟೆ. ವಾರಕ್ಕೆರಡರಂತೆ 12 ಸಿಟ್ಟಿಂಗ್, ಒಂದಕ್ಕೆ 800, ಒಟ್ಟು 9,600 ಮುಂಚೆನೇ ಕಟ್ಟಿಸ್ಕೊಂಡ್ರು. ನಡುವೆ ಹುತ್ತರಿ ಹಬ್ಬಕ್ಕೆ ಅಂತ ಊರಿಗೆ ಬಂದು ಕದಿರು ತೆಗೆದು ಮತ್ತೆ ವಾಪಸ್ ಹೋದೆ.

ಅದು ಹೇಗಿರುತ್ತೆ ಅಂತ ತುಂಬಾ ಜನಕ್ಕೆ ಕುತೂಹಲ. ಮಲಗಿಸ್ತಾರೆ, ಕಣ್ಣಿಗೆ ಕಪ್ಪು ಕನ್ನಡಕ ಹಾಕ್ತಾರೆ, ಅದು ಕಡ್ಡಾಯ, ಆ ಬೆಳಕು ಕಣ್ಣಿಗೆ ಬಿದ್ರೆ ಅಪಾಯ. ಟಾರ್ಚ್ ತರದ ಒಂದು ಹಿಡಿಯನ್ನ ಪಾದದ ಮೇಲೆ, ಅಂಗಾಲಿಗೆ, ಮೀನಖಂಡಕ್ಕೆ ನಿಧಾನಕ್ಕೆ ಆಡಿಸ್ತಾರೆ. ಕೆಂಪು ಚುಕ್ಕಿ ಕಾಣುತ್ತಲ್ಲ, ಅದೇ ಮದ್ದು ಅಂದ್ಕೊಂಡಿದ್ದೆ. ಅಲ್ವಂತೆ, ಅದು ಎಲ್ಲಿ ಬೀಳ್ತಿದೆ ಅಂತ ತೋರ್ಸೋಕೆ, ಕೆಲಸ ಮಾಡೋದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ನಂಗೆ ಹಾಕಿದ್ದು ಅರ್ಧ ವ್ಯಾಟ್‌ಗಿಂತ ಜಾಸ್ತಿ ಶಕ್ತಿಯ ನಾಲ್ಕನೇ ದರ್ಜೆ ಮೆಷಿನ್ನು, ಹಾಗಾಗಿ ಬಿಸಿ ಆಗುತ್ತೆ. ಹಿಡ್ಕೊಂಡಿದ್ದ ಹುಡುಗಿ ಪ್ರತಿ ಸಲ, ಬಿಸಿ ಜಾಸ್ತಿ ಆದ್ರೆ ಹೇಳಿ ಆಂಟಿ ಅನ್ನೋಳು. ಮೀನಖಂಡದ ಮೇಲೆ ಹಿತವಾಗಿ ಬೆಚ್ಚಗೆ ಗೊತ್ತಾಗ್ತಿತ್ತು, ಪಾದಕ್ಕೆ ಬಂದಾಗ ಚೂರು, ಬೆರಳಿಗೆ ಬಂದಾಗ ಏನೂ ಇಲ್ಲ. ನಾನು ಹಾಯಾಗಿದೆ ಕಣಮ್ಮಾ ಅಂದೆ. ಬೆರಳಿಗೆ ಬಿಸಿ ಯಾಕೆ ಗೊತ್ತಾಗ್ತಿಲ್ಲ ಅಂತ ನಂಗೂ ಹೊಳೀಲಿಲ್ಲ, ಅವ್ರೂ ಕೇಳ್ಲಿಲ್ಲ. ಈ ಒಂದು ವಿಷಯಕ್ಕೆ ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಸ್ಪರ್ಶ ಇಲ್ಲದ ಚರ್ಮಕ್ಕೆ ಬಿಸಿ ಕೊಡ್ತಾ, ಬಿಸಿ ಆದ್ರೆ ಹೇಳಿ ಅಂದ್ರೆ ಏನು ಹೇಳೋದು? ಸುಟ್ಟು ಬೊಬ್ಬೆ ಬಂದಿದ್ರೂ ನಾನು ಹಾಯಾಗಿದೆ ಅಂತಾನೇ ಹೇಳ್ತಿದ್ದೆ.

ನೋವು ಕಮ್ಮಿ ಆಯ್ತಾ ಅಂದ್ರೆ, ಆಯ್ತು. ಸುಳ್ಳು ಹೇಳಲ್ಲ. ಐದನೇ ಸಿಟ್ಟಿಂಗ್ ಆದ್ಮೇಲೆ ಮೊದಲನೇ ಸಲ ಬೆಳಗಿನ ತನಕ ನಿದ್ದೆ ಮಾಡಿದೆ, ಎದ್ದು ಅಕ್ಕನ ಹತ್ರ ಅತ್ತೇಬಿಟ್ಟೆ. ಆದ್ರೆ ಆ ಆರು ವಾರ ನಾನು ಬರೀ ಲೇಸರ್ ಹಾಕಿಸ್ಕೊಂಡಿದ್ದಲ್ಲ. ಪ್ರಿಗ್ಯಾಬಲಿನ್ ನಡೀತಿತ್ತು, ಅಕ್ಕ ಅನ್ನ ಕಮ್ಮಿ ಮಾಡ್ಸಿದ್ಲು, ಬೆಳಿಗ್ಗೆ ಸಾಯಂಕಾಲ ವಾಕಿಂಗ್, ತೋಟದ ಚಿಂತೆ ಇಲ್ಲ, ಹೊತ್ತು ಹೊತ್ತಿಗೆ ಊಟ. ಯಾವುದ್ರಿಂದ ಎಷ್ಟು ಅಂತ ಈಗ ಬಿಡಿಸಿ ಹೇಳೋಕೆ ನನ್ನಿಂದ ಆಗಲ್ಲ. ಊರಿಗೆ ಬಂದು ಜನವರಿ ಕೊನೆ ಹೊತ್ತಿಗೆ ಉರಿ ಮತ್ತೆ ಮೆಲ್ಲಗೆ ಬರೋಕೆ ಶುರುವಾಯ್ತು, ಮೊದಲಿನಷ್ಟಿಲ್ಲ, ಆದ್ರೂ ಬಂತು.

ಫೆಬ್ರವರಿಯಲ್ಲಿ ರೊಬಸ್ಟಾ ಕುಯ್ಲು ಜೋರಾಗಿ ನಡೀತಿತ್ತು. ನೋವು ಕಮ್ಮಿ ಇದೆಯಲ್ಲ, ಕಾಲು ಸರಿಹೋಗಿದೆ ಅಂತಾನೇ ಲೆಕ್ಕ ಹಾಕ್ಕೊಂಡು ಗಮ್‌ಬೂಟ್ ಹಾಕಿ ಬೆಳಿಗ್ಗೆಯಿಂದ ಸಾಯಂಕಾಲದ ತನಕ ತೋಟಕ್ಕೂ ಕಣಕ್ಕೂ ಓಡಾಡಿದೆ. ಸಂಜೆ ಬೂಟ್ ತೆಗೆದ್ರೆ ಬಲಗಾಲಿನ ಕಾಲುಚೀಲ ಹೆಬ್ಬೆರಳ ಹತ್ರ ಒದ್ದೆ, ಬೆವರು ಅಂದ್ಕೊಂಡೆ. ಕುಯ್ಲಿಗೆ ಬರೋ ಹೆಂಗಸೊಬ್ಬಳು ಅಲ್ಲೇ ಕಾಫಿ ಅಳೀತಾ ಇದ್ದೋಳು, ಅಮ್ಮಾ ರಕ್ತ ಅಂದ್ಲು. ಬೂಟ್ ಮಗುಚಿ ತಟ್ಟಿದ್ರೆ ಒಣಗಿ ಕಲ್ಲಾದ ಒಂದು ಕಾಫಿ ಹಣ್ಣು ಕೆಳಗೆ ಬಿತ್ತು, ಕಣದಲ್ಲಿ ಒಳಗೆ ಸೇರ್ಕೊಂಡಿರ್ಬೇಕು. ಕಪ್ಪಗೆ, ಒಂದು ಕಡೆ ಸಿಪ್ಪೆ ಸವೆದು ಒಳಗಿನ ಬೀಜ ಕಾಣ್ತಿತ್ತು. ಇಡೀ ದಿನ ಅದರ ಮೇಲೆ ನಡೆದಿದೀನಿ, ಹೆಬ್ಬೆರಳ ಬುಡದಲ್ಲಿ ಎಂಟಾಣೆ ಅಗಲಕ್ಕೆ ಚರ್ಮ ಕಿತ್ತು ಹೋಗಿದೆ, ನಂಗೆ ಒಂಚೂರೂ ಗೊತ್ತಾಗಿಲ್ಲ.

ಮಾರನೇ ದಿನ ಮಡಿಕೇರಿಗೆ ಹೋದ್ವಿ. ಡಾಕ್ಟ್ರು ಗಾಯ ತೊಳೆದು ಕಟ್ಟಿ, ಕಣ್ಣು ಮುಚ್ಕೊಳ್ಳಿ ಟೀಚರ್ರೇ, ತಾಗಿದ ಕಡೆ ಹೂಂ ಅನ್ನಿ ಅಂದ್ರು. ನಾನು ಕಣ್ಣು ಮುಚ್ಚಿ ಕಾಯ್ತಾ ಕೂತೆ. ಸುಮಾರು ಹೊತ್ತಾದ್ರೂ ಏನೂ ಇಲ್ಲ, ಶುರು ಮಾಡಿ ಡಾಕ್ಟ್ರೇ ಅಂದೆ. ಬಲಗಾಲಿನ ಬೆರಳ ಕಡೆಯೆಲ್ಲ ಆಯ್ತು ಟೀಚರ್ರೇ ಅಂದ್ರು. ಪಕ್ಕದಲ್ಲಿ ನಿಂತಿದ್ದ ನಮ್ಮೆಜಮಾನ್ರ ಮುಖ ನೋಡೋಕೆ ಆಗ್ಲಿಲ್ಲ ನಂಗೆ. ಅದು ಮಾನೋಫಿಲಮೆಂಟ್ ಅಂತ, ಮೀನಿನ ಗಾಳದ ದಾರದ ತರ ಒಂದು ನೈಲಾನ್ ಎಳೆ, 10 ಗ್ರಾಂ ಒತ್ತಡಕ್ಕೆ ಬಾಗುತ್ತೆ, ಅಷ್ಟು ಒತ್ತಿದ್ರೂ ಗೊತ್ತಾಗ್ಲಿಲ್ಲ ಅಂದ್ರೆ ಗಾಯ ಆದ್ರೂ ಕಾಲಿಗೆ ಗೊತ್ತಾಗಲ್ಲ ಅಂತ ಅರ್ಥ. ನಂಗೆ ಬಲಗಾಲಲ್ಲಿ ಹತ್ತು ಜಾಗದಲ್ಲಿ ಗೊತ್ತಾಗಿದ್ದು ಮೂರು, ಅದೂ ಹಿಮ್ಮಡಿ ಕಡೆ, ಎಡಗಾಲಲ್ಲಿ ಐದು. ಆ ಎಳೆ ಏನು ದೊಡ್ಡ ಮೆಷಿನ್ನಾ? ಎರಡು ನಿಮಿಷದ ಪರೀಕ್ಷೆ. 9,600 ತಗೊಂಡೋರು ಮೊದಲೂ ಮಾಡ್ಲಿಲ್ಲ, ಕೊನೆಗೂ ಮಾಡ್ಲಿಲ್ಲ, ನೋವಿಗೆ ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ ಅಂತ ಮಾತ್ರ ಕೇಳಿದ್ರು.

ಆವತ್ತೇ ರಕ್ತನೂ ಕೊಟ್ಟೆ. ವಿಟಮಿನ್ ಬಿ12 ಬಂದಿದ್ದು 140, 200ಕ್ಕಿಂತ ಕೆಳಗಿದ್ರೆ ಕೊರತೆ. ನಂಗೆ ನಂಬೋಕೆ ಆಗ್ಲಿಲ್ಲ, ನಾವು ಹಂದಿ, ಮೀನು, ಮೊಟ್ಟೆ ಎಲ್ಲಾ ತಿನ್ನೋರು, ಸಸ್ಯಾಹಾರಿಗಳಿಗೆ ಬರೋ ತೊಂದ್ರೆ ನಮಗೆ ಹೇಗೆ ಅಂತ. ಶುಗರ್‌ಗೆ ಕೊಡೋ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತಗೊಂಡ್ರೆ ತಿಂದಿದ್ದರಲ್ಲಿರೋ ಬಿ12 ಕರುಳು ಸರಿಯಾಗಿ ಹೀರ್ಕೊಳ್ಳಲ್ಲ, ದಿನಾ ಆಸಿಡಿಟಿ ಮಾತ್ರೆ ನುಂಗೋರಿಗೂ ಅದೇ ಪಾಡು, ನಾನು ಎರಡೂ ನುಂಗ್ತಿದ್ದೆ. ಬಿ12 ಕಮ್ಮಿ ಆದ್ರೂ ಕಾಲು ಜೋಮು ಹಿಡಿಯುತ್ತೆ, ಉರಿಯುತ್ತೆ, ಸಕ್ಕರೆಯಿಂದ ಆದ ಹಾಗೇ ಕಾಣುತ್ತೆ. ಅದೇನು ಬೆಳಕು ಬಿಟ್ರೆ ತುಂಬುತ್ತಾ? ನಂಗೆ ಇಂಜೆಕ್ಷನ್ ಶುರು ಮಾಡಿದ್ರು.

ಮಗಳು ಬೆಂಗ್ಳೂರಿಂದ ಬಂದಾಗ ಕೂತು ಒಂದಷ್ಟು ಓದಿ ಹೇಳಿದ್ಲು. ಈ ಚಿಕಿತ್ಸೆ ಬೋಗಸ್ ಅಂತ ನಾನು ಹೇಳೋದಿಲ್ಲ, ಅದಕ್ಕೆ ಹಳೇ ಚರಿತ್ರೆನೇ ಇದೆ. 1960ರಲ್ಲಿ ಮೊದಲ ಲೇಸರ್ ಬಂತು, 1967ರಲ್ಲಿ ಬುಡಾಪೆಸ್ಟ್‌ನ ಎಂಡ್ರೆ ಮೆಸ್ಟರ್ ಅನ್ನೋ ಡಾಕ್ಟ್ರು ಇದರಿಂದ ಕ್ಯಾನ್ಸರ್ ಬರುತ್ತಾ ಅಂತ ನೋಡೋಕೆ ಇಲಿಗಳ ಕೂದಲು ಬೋಳಿಸಿ ಬೆಳಕು ಬಿಟ್ರೆ, ಕ್ಯಾನ್ಸರ್ ಬರ್ಲಿಲ್ಲ, ಕೂದಲು ಬೇಗ ಬೆಳೀತು. ಜೀವಕೋಶದೊಳಗೆ ಶಕ್ತಿ ತಯಾರಿಸೋ ಮೈಟೋಕಾಂಡ್ರಿಯಾ ಆ ಬೆಳಕನ್ನ ಹೀರಿ ಚುರುಕಾಗುತ್ತೆ ಅನ್ನೋದು ಈಗಿನ ವಿವರಣೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಾಯಿ ಹುಣ್ಣಾಗದೇ ಇರೋಕೆ ಇದನ್ನ ಬಳಸಿ ಅಂತ ಅಂತಾರಾಷ್ಟ್ರೀಯ ಮಾರ್ಗಸೂಚಿನೇ ಇದೆ. ಕಾಲಿನ ನರದ ವಿಷಯಕ್ಕೆ ಬಂದ್ರೆ ಮಾತ್ರ ಅಷ್ಟು ಗಟ್ಟಿ ಇಲ್ಲ. 2004ರಲ್ಲಿ ಟೊರಾಂಟೊದವರು ಶುಗರ್‌ನಿಂದ ಕಾಲು ನೋವಿರೋ 50 ಜನರ ಮೇಲೆ ನೋಡಿದ್ರು, ಹೋಲಿಸೋಕೆ ಅಂತ ಸುಳ್ಳು ಲೇಸರ್ ಹಿಡಿದಾಗ್ಲೂ ನೋವು ಕಮ್ಮಿ ಆಯ್ತು, ನಿಜವಾದ್ದು ಹಾಕಿದೋರಿಗೆ ಇನ್ನೊಂಚೂರು ಕಮ್ಮಿ, ಆದ್ರೆ ಶಿಫಾರಸು ಮಾಡೋಕೆ ಇಷ್ಟು ಸಾಲದು ಅಂತ ಅವರೇ ಬರೆದಿದಾರೆ. ಲೇಸರ್ ಅಲ್ಲದ ಇನ್‌ಫ್ರಾರೆಡ್ ಪ್ಯಾಡ್‌ಗಳು ಅಮೆರಿಕದಲ್ಲಿ ಇದೇ ತೊಂದ್ರೆಗೆ ಚಾಲ್ತಿಯಲ್ಲಿದ್ವು, ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2006ರಲ್ಲಿ ದುಡ್ಡು ಕೊಡಲ್ಲ ಅಂತು, 2008ರಲ್ಲಿ 69 ಜನರ ಮೇಲೆ 90 ದಿನ ನೋಡಿದ ಅಧ್ಯಯನದಲ್ಲಿ ಸುಳ್ಳು ಪ್ಯಾಡ್‌ಗೂ ನಿಜದ್ದಕ್ಕೂ ವ್ಯತ್ಯಾಸನೇ ಸಿಗ್ಲಿಲ್ಲ. ನಮ್ಮ ಮಣಿಪಾಲದವರು 2015ರಲ್ಲಿ ಪ್ರಕಟ ಮಾಡಿದ್ರಲ್ಲಿ 19 ಜನಕ್ಕೆ ನೋವೂ ಕಮ್ಮಿ ಆಗಿದೆ, ಕಾಲಿಗೆ ಕಂಪನ ಗೊತ್ತಾಗೋದೂ ಸುಧಾರಿಸಿದೆ. ಓದಿ ನಂಗೆ ನಿಜಕ್ಕೂ ಆಸೆ ಆಯ್ತು, ಆದ್ರೆ ಹೋಲಿಸೋಕೆ ಇನ್ನೊಂದು ಗುಂಪಿಲ್ಲ. ನಂಗೇ ಲೇಸರ್ ಜೊತೆಗೆ ಇನ್ನೂ ಐದು ವಿಷಯ ಒಟ್ಟಿಗೆ ನಡೀತಿತ್ತು ಅಂದ್ನಲ್ಲ, ಹೋಲಿಸೋಕೆ ಯಾರೂ ಇಲ್ಲದಿದ್ರೆ ಹೇಗೆ ಹೇಳೋದು?

ಹಾಗಾಗಿ ನನ್ನ ಶಿಷ್ಯನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಮೆಣಸಿನ ದುಡ್ಡು ಹಾಗೇ ಇರ್ಲಿ. ಮೊದಲು ಅಮ್ಮನಿಗೆ ಮೂರು ತಿಂಗಳ ಸರಾಸರಿ ಶುಗರ್ (HbA1c ಅಂತಾರೆ), ಬಿ12, ಥೈರಾಯ್ಡ್ ನೋಡ್ಸು, ಡಾಕ್ಟ್ರ ಹತ್ರ ಕಾಲಿಗೆ ಆ ನೈಲಾನ್ ಎಳೆ ಮುಟ್ಟಿಸಿ ನೋಡಿ ಅಂತ ನೀನೇ ಕೇಳು, ನಾಚ್ಕೋಬೇಡ. ನೋವಿಗೆ ಮಾತ್ರೆಗಳಿವೆ, ಅವನ್ನ ಡಾಕ್ಟ್ರು ಹೇಳಿದ ಹಾಗೆ ಕೊಟ್ಟು ನೋಡು. ಇಷ್ಟೆಲ್ಲ ಆದ್ಮೇಲೂ ನಿದ್ದೆ ಬರಲ್ಲ ಅಂದ್ರೆ ಲೇಸರ್ ಹಾಕಿಸು, ನಾನು ತಡೆಯಲ್ಲ, ಉರಿಯೋ ಕಾಲಿಟ್ಕೊಂಡು ರಾತ್ರಿ ಕಳೆಯೋದು ಏನು ಅಂತ ನಂಗೆ ಗೊತ್ತು. ಆದ್ರೆ ನರ ಮತ್ತೆ ಬೆಳೆಯುತ್ತೆ ಅಂತ ಯಾರಾದ್ರೂ ಹೇಳಿದ್ರೆ, ಯಾವ ಅಳತೆ ಮೇಲೆ ಹೇಳ್ತೀರಿ ಅಂತ ಕೇಳು. ಸ್ಪರ್ಶ ಇಲ್ಲದ ಜಾಗದಲ್ಲಿ ಬಿಸಿ ಮೆಷಿನ್ ಹೇಗೆ ನಿಭಾಯಿಸ್ತೀರಿ ಅಂತಾನೂ ಕೇಳು. ನೋವು ಹೋಗೋದು ಬೇರೆ, ಸ್ಪರ್ಶ ವಾಪಸ್ ಬರೋದು ಬೇರೆ, ಇದನ್ನ ನಂಗೆ ಮೈಸೂರಲ್ಲೇ ಒಬ್ರು ಹೇಳಿದ್ದಿದ್ರೆ ಫೆಬ್ರವರಿಯ ಗಾಯ ಆಗ್ತಿರ್ಲಿಲ್ಲ. ಅದು ಮಾಯೋಕೆ ಏಳು ವಾರ ಹಿಡೀತು, ಡಾಕ್ಟ್ರು ಎರಡು ಸಲ ಬೆರಳಿನ ಬಗ್ಗೆ ಹೆದರಿಸಿದ್ರು.

ಈಗ ಮತ್ತೆ ಮಳೆ ಹಿಡ್ಕೊಂಡಿದೆ, ಎಲ್ಲರೂ ಗಮ್‌ಬೂಟ್‌ನಲ್ಲೇ ಇದೀರಿ. ನಾನು ಹಾಕೋ ಮುಂಚೆ ಮಗುಚಿ ತಟ್ಟಿ, ಕೈ ಒಳಗೆ ಬಿಟ್ಟು ತಡವಿ ನೋಡೇ ಹಾಕೋದು. ರಾತ್ರಿ ಊಟ ಆದ್ಮೇಲೆ ನಮ್ಮೆಜಮಾನ್ರು ಟಾರ್ಚ್ ಹಿಡ್ಕೊಂಡು ಕೂತು ಎರಡೂ ಅಂಗಾಲು, ಬೆರಳ ಸಂದಿ ಒಂದೊಂದೇ ನೋಡ್ತಾರೆ, ಕರೆಂಟ್ ಇರ್ಲಿ ಬಿಡ್ಲಿ. ಸ್ನಾನದ ನೀರು ಹಂಡೆಯಿಂದ ತೋಡಿದ್ಮೇಲೆ ಕಾಲಿಗೆ ಹಾಕೋ ಮುಂಚೆ ಮೊಣಕೈ ಅದ್ದಿ ನೋಡ್ತೀನಿ. ಮೂರು ತಿಂಗಳ ಸರಾಸರಿ ಶುಗರ್ 8.9 ಇದ್ದಿದ್ದು 7.4ಕ್ಕೆ ಇಳಿದಿದೆ, ಬಿ12 ಇಂಜೆಕ್ಷನ್ ಐದು ತಿಂಗಳಾಯ್ತು, ರಾತ್ರಿ ಉರಿ ವಾರಕ್ಕೊಂದೆರಡು ಸಲ ಬರುತ್ತೆ. ಹೋದ ವಾರ ಮಡಿಕೇರಿಯಲ್ಲಿ ಮತ್ತೆ ಕಣ್ಣು ಮುಚ್ಚಿ ಕೂತಿದ್ದೆ. ಎಡಗಾಲಲ್ಲಿ ಐದು ಇದ್ದಿದ್ದು ಆರು ಆಗಿದೆ. ಬಲಗಾಲಲ್ಲಿ ಮೂರೇ.