ಕಾರು ಓಡಿದ್ದು, ನಾನು ಬರೆದದ್ದು

"ಭಾವ, ಕಾರಿನ ಖರ್ಚು ಟ್ಯಾಕ್ಸಲ್ಲಿ ತೋರಿಸ್ತೀರಲ್ವಾ?" ಅಂತ ನನ್ನ ಭಾವಮೈದುನ ಕೇಳಿದ್ದು ಇಡ್ಲಿ ಮೇಲೆ ಚಟ್ನಿ ಸುರಿದುಕೊಳ್ಳುತ್ತಾ. ಅವನು ಸಂಬಳದವನು. ಸಂಬಳದಲ್ಲಿ ಇಂತಿಷ್ಟು ಅಂತ ಕಳೆಯುವ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಕ್ಕಿದರೆ ಅವನ ಕಥೆ ಮುಗಿಯಿತು. ಸ್ವಂತ ಕಾರಿನ ಪೆಟ್ರೋಲು ಅವನ ಸ್ವಂತ ದುಃಖ. ಅದಕ್ಕೇ ಇರಬೇಕು, ಬೇರೆಯವರ ಟ್ಯಾಕ್ಸ್ ಉಳಿಸಲು ಅವನಿಗೆ ಅಷ್ಟೊಂದು ಆಸೆ.

ನಾನು ಮುಂಬಯಿ ಪಕ್ಕದ ಥಾಣೆಯಲ್ಲಿದ್ದು ಜನರ ಮನೆಗೆ ಇಂಟೀರಿಯರ್ ಮಾಡಿಕೊಡುವವನು. ಮುಂಬಯಿಯ ಘಾಟ್ಕೋಪರ್, ಚೆಂಬೂರು, ದಾದರ್ ಅಂತ ಸೈಟಿಗೆ ಓಡಾಡುವುದು ನನ್ನದೇ ಹಳೇ ವ್ಯಾಗನಾರ್‌ನಲ್ಲಿ ಎಂದು ಆಗ ನಾನೂ ನಂಬಿದ್ದೆ. ಡಿಕ್ಕಿಯಲ್ಲಿ ಯಾವಾಗಲೂ ಲ್ಯಾಮಿನೇಟ್ ಸ್ಯಾಂಪಲ್, ಒಂದು ಟೇಪು, ಅತ್ತೆಯ ಕೊಡೆ. ಲೆಕ್ಕ ಸರಳವೇ: ಕೆಲಸಕ್ಕೆ ಎಷ್ಟು ಓಡಿತೋ ಅಷ್ಟು ಪಾಲಿನ ಪೆಟ್ರೋಲು, ಇನ್ಶೂರೆನ್ಸು, ರಿಪೇರಿ ಕಳೆಯಬಹುದು. ಕಾರು ಹಳತಾಗುತ್ತದೆಂದು ವರ್ಷಕ್ಕೆ ಕಳೆಯುವ 15 ಪರ್ಸೆಂಟ್ ಸವಕಳಿಯಲ್ಲೂ ಅದೇ ಪಾಲು. ಕೊಡೆಯ ಪಾಲು ಬಿಡಬೇಕು. ಯಾರಾದರೂ ಕೇಳಿದರೆ ತೋರಿಸಲು, ಯಾವತ್ತು ಎಲ್ಲಿಗೆ ಎಷ್ಟು ಓಡಿತು ಅಂತ ಬರೆದ ಒಂದು ಲಾಗ್‌ಬುಕ್ ಇಟ್ಟುಕೊಂಡಿದ್ದರೆ ಆಯ್ತು, ಅಷ್ಟೆ.

ಆ ‘ಅಷ್ಟೆ’ಯಲ್ಲೇ ನಾನು ಕೆಟ್ಟೆ.

2024ರ ಏಪ್ರಿಲ್ 1ಕ್ಕೆ ಹೊಸ ನೋಟ್‌ಬುಕ್ ತಂದು, ಮೂಲೆಗೆ ಅರಿಶಿನ ಹಚ್ಚಿ, ಒಂಬತ್ತು ದಿನ ಬರೆದೆ. ಹತ್ತನೇ ದಿನ ಪೆನ್ನು ಸಿಗಲಿಲ್ಲ. ಅದು ಸಿಕ್ಕಿದ್ದು ಮುಂದಿನ ವರ್ಷದ ಜೂನ್ ಕೊನೆಗೆ, ಸಿಎ ಫೋನ್ ಮಾಡಿ ಕಾಗದಪತ್ರ ಕೇಳಿದಾಗ. ಅವತ್ತು ರಾತ್ರಿ ಎರಡು ಲೋಟ ಕಾಫಿ ಕುಡಿದು ಉಳಿದ 356 ದಿನಗಳನ್ನು ಒಂದೇ ಕೂತಲ್ಲಿ ಬರೆದು ಮುಗಿಸಿದೆ. ಅನುಮಾನ ಬರಬಾರದಲ್ಲ, ಅದಕ್ಕೆ ಮೂರು ಪೆನ್ನು ಬಳಸಿದೆ. ನವೆಂಬರ್ ಪುಟದ ಮೇಲೆ ಸ್ವಲ್ಪ ಕಾಫಿಯನ್ನೂ ಚೆಲ್ಲಿದೆ. ಆ ಕಲೆ ಮಾತ್ರ ಬಹಳ ನೈಜವಾಗಿ ಬಂದಿತ್ತು.

ಹೆಂಡತಿ ಹಿಂದೆ ನಿಂತು ಓದಿದಳು. "ರೀ, ಜುಲೈ ಮಳೇಲಿ ನೀರು ನುಗ್ಗಿ ಕಾರು ಹನ್ನೆರಡು ದಿನ ಗ್ಯಾರೇಜಲ್ಲಿತ್ತು. ಚೆಂಬೂರಿಗೆ ಹೋಗಿದ್ದು ಯಾವುದರಲ್ಲಿ?"

ಅತ್ತೆ ಕನ್ನಡಕ ಹಾಕಿಕೊಂಡು ಬಂದರು. ಪ್ರತಿ ಶುಕ್ರವಾರ ನಾನು ಅವರನ್ನು ಮುಂಬಯಿಯ ಮಾಟುಂಗಾ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗುತ್ತೇನೆ. ಬಾಳೆಎಲೆ, ಎರಡು ಮೊಳ ಮಲ್ಲಿಗೆ, ನುಗ್ಗೆಕಾಯಿ. ಇವೆಲ್ಲ ಥಾಣೆಯಲ್ಲೂ ಸಿಗುತ್ತವೆ, ಆದರೆ ಅದನ್ನು ಹೇಳುವ ಧೈರ್ಯ ನನಗಿಲ್ಲ. ನೋಟ್‌ಬುಕ್ಕಿನಲ್ಲಿ ಅದು ‘ಮಾಟುಂಗಾ, ಕ್ಲೈಂಟ್ ಮೀಟಿಂಗ್’ ಎಂದಾಗಿತ್ತು.

"ಕ್ಲೈಂಟು ಅಂದ್ರೆ ನಾನಾ?" ಅಂದರು. "ಹಾಗಾದ್ರೆ ದುಡ್ಡು ನಾನು ಕೊಡಬೇಕೋ, ನೀವು ಕೊಡಬೇಕೋ?"

ನಮ್ಮ ಸಿಎ ಉಡುಪಿ ಕಡೆಯವರು. ಲಾಗ್‌ಬುಕ್ಕನ್ನು ಗೌರವದಿಂದ ಪಕ್ಕಕ್ಕಿಟ್ಟು, ಕಾರಿನ ಎರಡು ಸರ್ವಿಸ್ ಬಿಲ್ ಕೇಳಿದರು. ಏಪ್ರಿಲ್‌ನ ಬಿಲ್ಲಿನಲ್ಲಿ 21,340 ಕಿಲೋಮೀಟರ್, ಮುಂದಿನ ಮಾರ್ಚಿನದರಲ್ಲಿ 30,100. ಕ್ಯಾಲ್ಕುಲೇಟರ್ ಒತ್ತಿದರು. ಮತ್ತೊಮ್ಮೆ ಒತ್ತಿದರು.

"ಕಾರು ವರ್ಷವಿಡೀ ಓಡಿದ್ದು 8,760. ನೀವು ಬರೀ ಕೆಲಸಕ್ಕೇ ಓಡಿಸಿದ್ದು 11,480. ನೂರಕ್ಕೆ 131. ಮಿಕ್ಕಿದ್ದನ್ನ ತಳ್ಳಿಕೊಂಡು ಹೋದ್ರಾ ಮಾರಾಯ್ರೇ?"

ಆಮೇಲೆ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್. ಥಾಣೆಯಿಂದ ಮುಂಬಯಿಗೆ ಹೋಗಬೇಕಾದರೆ ಆಗ ಟೋಲ್ ನಾಕಾದಲ್ಲಿ 45 ರೂಪಾಯಿ ಕಟ್ಟಬೇಕಿತ್ತು. ಲಾಗ್‌ಬುಕ್ ಪ್ರಕಾರ ಆಗಸ್ಟಿನಲ್ಲಿ ನಾನು ಮುಂಬಯಿಗೆ ಹೋದದ್ದು 22 ದಿನ. ಫಾಸ್ಟ್ಯಾಗ್ ಪ್ರಕಾರ ಐದು. ಐದೂ ಶುಕ್ರವಾರ.

"ಬೇರೆ ದಾರೀಲಿ, ಐರೋಲಿ ಮೇಲಿಂದ ಹೋಗಿರಬೇಕು" ಅಂದೆ.

"ಅಲ್ಲೂ ನಾಕಾ ಇತ್ತಲ್ಲ."

ಇತ್ತು. ನಿಜ ಏನೆಂದರೆ, ಹೈವೇ ಟ್ರಾಫಿಕ್ಕಿಗೆ ಹೆದರಿ ನಾನು ಸೈಟಿಗೆ ಹೋಗುತ್ತಿದ್ದುದು ಲೋಕಲ್ ಟ್ರೇನಿನಲ್ಲಿ. 2024ರ ಅಕ್ಟೋಬರ್ 14ರ ಮಧ್ಯರಾತ್ರಿಯಿಂದ ಮುಂಬಯಿಯ ಐದೂ ನಾಕಾಗಳಲ್ಲಿ ಕಾರಿಗೆ ಟೋಲ್ ಮನ್ನಾ ಆಯಿತು. ಅವತ್ತು ನಾನು ಪೇಡಾ ಹಂಚಿದ್ದೆ. ಸಿಎ ಪುಟ ತಿರುಗಿಸಿ, "ಟೋಲ್ ಹೋದ ಮೇಲೆ ನಿಮ್ಮ ಕೆಲಸ ತುಂಬಾ ಜಾಸ್ತಿ ಆಗಿದೆ, ಸಂತೋಷ" ಅಂದರು.

ಕೊನೆಗೆ ನನ್ನ ಹಳೇ ಫೈಲು ತೆಗೆದರು. "ಇಷ್ಟೆಲ್ಲಾ ಯಾಕೆ ಮಾಡಿದ್ರಿ? ನಿಮ್ಮದು ಇನ್ಕಮ್ ಟ್ಯಾಕ್ಸಿನ 44ಎಡಿಎ ಸೆಕ್ಷನ್. ಬಂದ ಹಣದಲ್ಲಿ ಅರ್ಧ ಲಾಭ ಅಂತ ತೋರಿಸಿ ಟ್ಯಾಕ್ಸ್ ಕಟ್ತೀರಿ. ಮಿಕ್ಕ ಅರ್ಧ ಖರ್ಚು ಅಂತಲೇ ಲೆಕ್ಕ. ಕಾರು, ಪೆಟ್ರೋಲು, ಸವಕಳಿ ಎಲ್ಲಾ ಅದರೊಳಗೇ ಬಂತು. ಬೇರೆ ತೋರಿಸೋ ಹಾಗೇ ಇಲ್ಲ."

"ಯಾವಾಗಿಂದ?"

"ಮೂರು ವರ್ಷದಿಂದ. ಓಟಿಪಿ ನೀವೇ ಕೊಟ್ಟದ್ದು."

"ಹಾಗಾದ್ರೆ ಈ ಲಾಗ್‌ಬುಕ್?"

ಮತ್ತೊಮ್ಮೆ ತಿರುವಿ ಹಾಕಿದರು. "ಅಕ್ಷರ ಮುದ್ದಾಗಿದೆ" ಅಂದರು.

ಈಗ ಆ ನೋಟ್‌ಬುಕ್ಕಿನ ಖಾಲಿ ಪುಟಗಳಲ್ಲಿ ಹೆಂಡತಿ ಹಾಲಿನ ಲೆಕ್ಕ ಬರೆಯುತ್ತಾಳೆ, ದಿನಾ, ಒಂದೇ ಪೆನ್ನಿನಲ್ಲಿ. ಮೊನ್ನೆ ಶುಕ್ರವಾರ ನಾನು ಶೂ ಹುಡುಕುತ್ತಿದ್ದಾಗ ಕೆಳಗಿನಿಂದ ಅತ್ತೆಯ ದನಿ ಕೇಳಿತು. ಕೊಡೆ ಹಿಡಿದು ಕಾರಿನ ಪಕ್ಕ ನಿಂತಿದ್ದರು.

"ಬೇಗ ಬನ್ನಿ, ಕ್ಲೈಂಟು ಕಾಯ್ತಾ ಇದೆ!"