ಗಸಗಸೆ ಪಾಯಸ ಕುಡಿದವನ ಗತಿ?

ಪೆರೋಲ್ ಮೇಲೆ ಹೊರಬಂದವರ ಮೂತ್ರ ಪರೀಕ್ಷೆಯಲ್ಲಿ ಡ್ರಗ್ಸ್ ಕಂಡರೆ ನೇರ ಜೈಲಿಗೆ ಕಳಿಸಿ ಅಂತ ಬರೆದಿದ್ದೀರಿ. ಪರೀಕ್ಷೆ ಬೇಡ ಅಂತ ನಾನೂ ಹೇಳಲ್ಲ. ಆದರೆ ನಮ್ಮ ಹಾಸನದ ಕಡೆ ಹಬ್ಬಕ್ಕೆ ಗಸಗಸೆ ಪಾಯಸ ಮಾಡುತ್ತೇವಲ್ಲ, ಅದರ ಕಥೆ ಏನು? ಗಸಗಸೆಗೆ ಮಾರ್ಫಿನ್ (ಅಫೀಮಿನಲ್ಲಿರುವ ಮಾದಕ ವಸ್ತು) ಅಂಶ ಸ್ವಲ್ಪ ಅಂಟಿಕೊಂಡಿರುತ್ತದೆ. ಎರಡು ಲೋಟ ಜಾಸ್ತಿ ಕುಡಿದವನ (ನನ್ನಂಥವನ!) ಮೂತ್ರದಲ್ಲೂ ಅದು ಕಾಣಬಹುದು. ಇದೇ ತಲೆನೋವಿಗೆ ಅಮೆರಿಕ ಸರ್ಕಾರ ತನ್ನ ನೌಕರರ ಮೂತ್ರ ಪರೀಕ್ಷೆಯಲ್ಲಿ ‘ಡ್ರಗ್ಸ್ ಇದೆ’ ಅನ್ನೋಕೆ ಬೇಕಾದ ಕನಿಷ್ಠ ಮಿತಿಯನ್ನು 1998ರಲ್ಲಿ ಮಿಲಿಲೀಟರಿಗೆ 300 ನ್ಯಾನೋಗ್ರಾಮ್‌ನಿಂದ 2000ಕ್ಕೆ ಏರಿಸಿತು. ಗಾಂಜಾದ್ದು ಬೇರೆಯೇ ತಾಪತ್ರಯ. ದಿನಾ ಸೇದುತ್ತಿದ್ದವನು ಪೂರ್ತಿ ಬಿಟ್ಟರೂ ಕೆಲವು ವಾರ ಮೂತ್ರದಲ್ಲಿ ಸಿಗುತ್ತಲೇ ಇರುತ್ತದೆ. ಬಿಟ್ಟವನನ್ನೂ ಒಳಗೆ ಹಾಕೋದಾ? ಮೂತ್ರದಲ್ಲಿ ಅದ್ದಿ ನೋಡುವ ಪರೀಕ್ಷಾ ಸ್ಟ್ರಿಪ್ ಕೆಲವು ನೆಗಡಿ ಮಾತ್ರೆಗೂ ಮೋಸ ಹೋಗಿ ಡ್ರಗ್ಸ್ ಅಂತ ತೋರಿಸುತ್ತದೆ. ಹಾಗಾಗಿ ಸುಮ್ನೆ ಸ್ಟ್ರಿಪ್ ನೋಡಿ ತೀರ್ಮಾನ ಮಾಡದೆ, ಅದೇ ಸ್ಯಾಂಪಲ್ ಅನ್ನು ಮೊದಲು ಲ್ಯಾಬ್‌ಗೆ ಕಳಿಸಲಿ.